ಹೊಲ ಸೈಟಾಗದಂತೆ ಉಳಿಸಲು ತೆರಿಗೆ ರಿಯಾಯಿತಿ: ವರ್ಜೀನಿಯಾದಲ್ಲಿ ನಾವು ಮಾಡುವ ಕ್ರಮ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಸಂರಕ್ಷಣಾ ಈಸ್‌ಮೆಂಟ್ ಪತ್ರ, ಅಂದರೆ ಹೊಲವನ್ನು ಸೈಟು ಮಾಡುವುದಿಲ್ಲವೆಂದು ಶಾಶ್ವತವಾಗಿ ಬರೆದುಕೊಡುವ ಪತ್ರ, ಮಾಡಿಸಲು ಬರುವ ರೈತರನ್ನು ನಾನು ಮೊದಲು ಕೇಳುವುದು ಇಷ್ಟೇ: ಜಮೀನಿನ ಮೇಲೆ ಬ್ಯಾಂಕ್ ಸಾಲ ಇದೆಯೇ? ಇದ್ದರೆ, ತನ್ನ ಅಡಮಾನದ ಹಕ್ಕು ಈಸ್‌ಮೆಂಟಿನ ನಂತರದ್ದು ಎಂದು ಬ್ಯಾಂಕು ಬರೆದುಕೊಡಬೇಕು, ಅದೂ ಪತ್ರ ನೋಂದಣಿಯಾಗುವ ಮೊದಲೇ. ಈಸ್‌ಮೆಂಟ್ ಶಾಶ್ವತವಾಗಿರಬೇಕೆಂಬುದು ಕಾನೂನು. ಬ್ಯಾಂಕಿನ ಹಕ್ಕೇ ಮುಂದಿದ್ದರೆ, ನಾಳೆ ಜಮೀನು ಹರಾಜಾದಾಗ ಈಸ್‌ಮೆಂಟೂ ಅಳಿಸಿಹೋಗುತ್ತದೆ. ಕೊಲೊರಾಡೊದ ಒಂದು ಪ್ರಕರಣದಲ್ಲಿ ಪತ್ರವಾದದ್ದು 2003ರ ಕೊನೆಗೆ, ಸಾಲ ಕೊಟ್ಟವರ ಒಪ್ಪಿಗೆ ಬಂದದ್ದು 2005ರ ಕೊನೆಗೆ. ಸಾಲ ಮುಳುಗುವ ಸಂಭವ ತೀರ ಕಡಿಮೆ ಎಂಬ ವಾದವನ್ನು ತೆರಿಗೆ ನ್ಯಾಯಾಲಯ 2012ರಲ್ಲಿ, ಮೇಲ್ಮನವಿ ನ್ಯಾಯಾಲಯ 2015ರಲ್ಲಿ ತಳ್ಳಿಹಾಕಿದವು. ದಾನದ ಮೌಲ್ಯವನ್ನು ತೆರಿಗೆಯ ಆದಾಯದಿಂದ ಕಳೆಯುವ ಕಡಿತ ಪೂರ್ತಿ ಹೋಯಿತು. ಹೀಗಾಗಿ ಬ್ಯಾಂಕಿನ ಕಾಗದವನ್ನು ನಾವು ತಿಂಗಳುಗಟ್ಟಲೆ ಮೊದಲೇ ಶುರು ಮಾಡುತ್ತೇವೆ.

ವ್ಯವಸ್ಥೆ ಸರಳ. ಜಮೀನು ರೈತನದೇ; ಉಳಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ತುಂಡು ಮಾಡಿ ಸೈಟು ಹಾಕುವ ಹಕ್ಕನ್ನು ಮಾತ್ರ ಬಿಟ್ಟುಕೊಡುತ್ತಾನೆ. ಆ ಷರತ್ತನ್ನು ಕಾಯುವ ಅಧಿಕಾರ ಲ್ಯಾಂಡ್ ಟ್ರಸ್ಟಿಗೆ (ಜಮೀನು ಉಳಿಸುವ ಲಾಭರಹಿತ ಸಂಸ್ಥೆಗೆ) ಅಥವಾ ಸರ್ಕಾರಿ ಸಂಸ್ಥೆಗೆ ಸೇರುತ್ತದೆ. ಷರತ್ತಿಗೆ ಮೊದಲಿನ ಬೆಲೆಯಿಂದ ನಂತರದ ಬೆಲೆ ಕಳೆದರೆ ಉಳಿಯುವುದೇ ದಾನದ ಮೌಲ್ಯ.

ಲೆಕ್ಕ ಹೀಗೆ ನಡೆಯುತ್ತದೆ. ಜಮೀನಿನ ಬೆಲೆ 10 ಲಕ್ಷ ಡಾಲರ್, ಈಸ್‌ಮೆಂಟ್ ನಂತರ 6 ಲಕ್ಷ ಎಂದಿಟ್ಟುಕೊಳ್ಳಿ. ದಾನ 4 ಲಕ್ಷ. ಅದರ 40%, ಅಂದರೆ 1.6 ಲಕ್ಷ, ವರ್ಜೀನಿಯಾ ರಾಜ್ಯದ ತೆರಿಗೆ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಿಂದಲೇ ನೇರವಾಗಿ ಕಳೆಯುವ ಮೊತ್ತ. ರಾಜ್ಯದಲ್ಲಿ ಇದಕ್ಕೆ ವಾರ್ಷಿಕ ಮಿತಿ ಇರುವುದರಿಂದ ಅರ್ಜಿ ತಡಮಾಡಬಾರದು; ಕ್ರೆಡಿಟ್ 10 ಲಕ್ಷ ಡಾಲರ್ ಮುಟ್ಟಿದರೆ ರಾಜ್ಯದ ಸಂರಕ್ಷಣಾ ಇಲಾಖೆಯ ಪರಿಶೀಲನೆಯೂ ಇದೆ. ಫೆಡರಲ್ (ಕೇಂದ್ರ) ತೆರಿಗೆಯ ಕಡಿತದ ಲೆಕ್ಕದಲ್ಲಿ ಬಹಳ ಜನ ಇಡೀ 4 ಲಕ್ಷ ಬರೆದು ಎಡವುತ್ತಾರೆ. 2018ರ ಆಗಸ್ಟ್ 27ರ ನಂತರದ ದಾನಗಳಲ್ಲಿ, ರಾಜ್ಯದ ಕ್ರೆಡಿಟ್ ದಾನದ 15% ಮೀರಿದರೆ ಅದನ್ನು ಕಳೆಯಲೇಬೇಕು. ಉಳಿಯುವುದು 2.4 ಲಕ್ಷ. ಒಟ್ಟು ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬೇಸಾಯದಿಂದ ಬರುವ ರೈತ ವರ್ಷದ ಆದಾಯದ 100%ವರೆಗೆ, ಉಳಿದವರು 50%ವರೆಗೆ ಕಡಿತ ಪಡೆಯಬಹುದು. ಮಿಕ್ಕದ್ದು ಮುಂದಿನ 15 ವರ್ಷಕ್ಕೆ ಹೋಗುತ್ತದೆ. 2015ರಿಂದ ಈ ಸೌಲಭ್ಯ ಕಾಯಂ.

ಆದರೆ ವರ್ಷಕ್ಕೆ 60,000 ಡಾಲರ್ ಆದಾಯದ ರೈತನಿಗೆ ಕಡಿತದಿಂದ ಉಳಿಯುವ ತೆರಿಗೆ ಅಷ್ಟಕ್ಕಷ್ಟೇ. ಅವನ ಕೈಗೆ ನಿಜವಾಗಿ ಹಣ ಬರುವುದು ಕ್ರೆಡಿಟ್ ಮಾರಾಟದಿಂದ. ವರ್ಜೀನಿಯಾದ ಕ್ರೆಡಿಟ್ಟನ್ನು ಬೇರೆ ತೆರಿಗೆದಾರರಿಗೆ ಮಾರಬಹುದು. ಮುಖಬೆಲೆಗಿಂತ ಕಡಿಮೆಗೆ ಹೋಗುತ್ತದೆ. ಹಳ್ಳಕ್ಕೆ ದನ ಇಳಿಯದಂತೆ ಬೇಲಿ, ದಂಡೆಗೆ ಗಿಡ, ದೂರದ ನೀರಿನ ತೊಟ್ಟಿ, ಎಲ್ಲಕ್ಕೂ ಈ ದುಡ್ಡೇ ಆಧಾರ. ಕ್ರೆಡಿಟ್ ಮಾರಿದ ಮೊತ್ತ ಪೂರ್ತಿ ಬಂಡವಾಳ ಲಾಭ, ಏಕೆಂದರೆ ಅದರ ಕೊಂಡ ಬೆಲೆ ಸೊನ್ನೆ. ಅದರ ತೆರಿಗೆಯನ್ನು ಎತ್ತಿಟ್ಟ ಮೇಲೆಯೇ ಬೇಲಿಗೆ ಆರ್ಡರ್ ಕೊಡಿ.

ನಮ್ಮೂರಲ್ಲೂ ಇದಾಗುತ್ತದೆಯೇ ಎಂದು ಕರ್ನಾಟಕದವರು ಕೇಳುತ್ತಾರೆ. ಇದೇ ರೂಪದಲ್ಲಿ ಆಗದು. ಭಾರತದಲ್ಲಿ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ, ಕಡಿತ ಯಾವುದರಲ್ಲಿ ಕೊಡುವುದು? ಜೊತೆಗೆ 1882ರ ಈಸ್‌ಮೆಂಟ್ ಕಾಯಿದೆ ಪ್ರಕಾರ ಆ ಹಕ್ಕು ಇನ್ನೊಂದು ಜಮೀನಿನ ಅನುಭೋಗಕ್ಕೆ ಅಂಟಿಕೊಂಡಿರಬೇಕು. ಜಮೀನಿಲ್ಲದ ಟ್ರಸ್ಟ್ ಅದನ್ನು ಹಿಡಿಯಲಾಗದು.

ಮೌಲ್ಯಮಾಪನ ವರದಿಯ ದಿನಾಂಕ ನೋಡಿಕೊಳ್ಳಿ. ದಾನಕ್ಕೆ 60 ದಿನಕ್ಕಿಂತ ಹಿಂದಿನದು ನಡೆಯದು. ಫೆಡರಲ್ ರಿಟರ್ನ್ ಜೊತೆ ಕೊಡುವ ದಾನದ ನಮೂನೆ, ಫಾರ್ಮ್ 8283ರಲ್ಲಿ ಮೌಲ್ಯಮಾಪಕರದ್ದೂ ಟ್ರಸ್ಟಿನದ್ದೂ ಸಹಿ ಬೇಕು. 5 ಲಕ್ಷ ಡಾಲರ್ ದಾಟಿದರೆ ವರದಿಯನ್ನೇ ಲಗತ್ತಿಸಬೇಕು. ಪಕ್ಕದ ಜಮೀನೂ ಅದೇ ಕುಟುಂಬದ್ದಾಗಿದ್ದರೆ ಅದರ ಬೆಲೆಯನ್ನೂ ಲೆಕ್ಕಕ್ಕೆ ತರಬೇಕು. ಇದನ್ನು ಬಿಟ್ಟ ವರದಿಯನ್ನು ನಾವು ವಾಪಸ್ ಕಳಿಸುತ್ತೇವೆ. ಕೊಂಡು ಒಂದು ವರ್ಷ ದಾಟದ ಜಮೀನಾದರೆ ಕಡಿತ ಕೊಂಡ ಬೆಲೆಯ ಲೆಕ್ಕದಲ್ಲೇ, ಕಾಯುವುದು ಮೇಲು. ದಾನಕ್ಕೆ ಬದಲಾಗಿ ಏನೂ ಕೊಟ್ಟಿಲ್ಲ ಎಂಬ ಟ್ರಸ್ಟಿನ ಪತ್ರ ರಿಟರ್ನ್ ಸಲ್ಲಿಸುವ ಮೊದಲೇ ಕೈಯಲ್ಲಿರಬೇಕು.

ಇನ್ನು ಜಮೀನಿನ ಈಗಿನ ಸ್ಥಿತಿಯ ದಾಖಲೆ. ದಾನದ ದಿನ ಜಮೀನು ಹೇಗಿತ್ತೆಂಬುದಕ್ಕೆ ಇದೇ ಸಾಕ್ಷಿ. ಎಲೆ ಉದುರಿದ ಚಳಿಗಾಲದಲ್ಲಿ ತೆಗೆದರೆ ಗಡಿ ಬೇಲಿ, ಹಳೆಯ ಕೊಟ್ಟಿಗೆಯ ತಳಪಾಯ, ಪೊದೆಯಲ್ಲಿ ಸೇರಿಕೊಂಡ ಕಸದ ಗುಂಡಿ ಎಲ್ಲವೂ ಕಾಣುತ್ತವೆ. ಪ್ರತಿ ಫೋಟೊಗೆ ಸಂಖ್ಯೆ, ಜಿಪಿಎಸ್ ಬಿಂದು, ಕ್ಯಾಮೆರಾ ತಿರುಗಿದ ದಿಕ್ಕು, ದಿನಾಂಕ. ಹಳ್ಳದ ಪಕ್ಕ 35 ಅಡಿ ಪಟ್ಟಿ ಬಿಡುವ ಷರತ್ತಿದ್ದರೆ ದಂಡೆಯ ಅಂಚಿನಿಂದ ಟೇಪ್ ಹಿಡಿದು ಅಳೆದು, ಟೇಪ್ ಕಾಣುವಂತೆಯೇ ಫೋಟೊ ತೆಗೆಯುತ್ತೇವೆ. ಎಲ್ಲಿಂದ ಅಳೆಯಬೇಕೆಂದು ಪತ್ರದಲ್ಲಿ ಬರೆಯದಿದ್ದರೆ, ಹಳ್ಳ ದಿಕ್ಕು ಬದಲಿಸಿದ ವರ್ಷ ಜಗಳ ಖಂಡಿತ. ದಾಖಲೆಗೆ ಮಾಲೀಕರೂ ಟ್ರಸ್ಟಿನವರೂ ನೋಂದಣಿಗೆ ಮೊದಲೇ ಸಹಿ ಹಾಕಬೇಕು. ಪ್ರತಿ ವರ್ಷದ ಭೇಟಿಯಲ್ಲಿ ಅದೇ ಬಿಂದುವಿನಲ್ಲಿ, ಅದೇ ದಿಕ್ಕಿಗೆ ನಿಂತು ಮತ್ತೆ ಫೋಟೊ ತೆಗೆಯುತ್ತೇವೆ.