ಸ್ಪೀಡು, ಆರ್‌ಪಿಎಂ ಹಿಡಿದು ಡಿಫರೆನ್ಷಿಯಲ್ ರೇಶಿಯೋ ಕಂಡುಹಿಡಿದಿದ್ದು

ಹಿಂದಿನ ಚಕ್ರಗಳಿಗೆ ಪವರ್ ಹೋಗುವ ನನ್ನ ಹಳೇ ಕಾರಿನ ಡಿಫರೆನ್ಷಿಯಲ್ (ಆ ಪವರನ್ನು ಎರಡೂ ಹಿಂದಿನ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ) ಗುಂಯ್ ಎನ್ನತೊಡಗಿತ್ತು. ಆಯಿಲ್ ಇಳಿಸಿದಾಗ ಡ್ರೈನ್ ಪ್ಲಗ್ಗಿಗೆ ಲೋಹದ ಸಣ್ಣ ಚೂರುಗಳು ಅಂಟಿದ್ದವು. ಒಳಗಿನ ಕ್ರೌನ್ ಪಿನಿಯನ್ ಸೆಟ್, ಅಂದರೆ ದೊಡ್ಡ ಹಲ್ಲುಚಕ್ರ ಕ್ರೌನ್ ಮತ್ತು ಅದನ್ನು ತಿರುಗಿಸುವ ಸಣ್ಣ ಪಿನಿಯನ್, ಬದಲಾಯಿಸಲೇಬೇಕು. ಕ್ರೌನಿನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿದರೆ ಬರುವುದೇ ರೇಶಿಯೋ, ಹೊಸ ಸೆಟ್ಟಿನದೂ ಅದೇ ಇರಬೇಕು. ಆದರೆ ಹೌಸಿಂಗ್ ಮೇಲೆ ರೇಶಿಯೋ ಬರೆದಿರುವ ತಗಡು ಇರಲಿಲ್ಲ, ಹಿಂದಿನವರು ಒಮ್ಮೆ ಬಿಚ್ಚಿಸಿದ ಗುರುತೂ ಇತ್ತು. ಬಿಚ್ಚಿ ಹಲ್ಲು ಎಣಿಸಬಹುದಿತ್ತು, ನಿಜ. ಆದರೆ ಹೊಸ ಸೆಟ್ ಕೈಗೆ ಬರುವವರೆಗೂ ಗಾಡಿ ಜಾಕ್ ಮೇಲೆಯೇ ನಿಲ್ಲಬೇಕಾಗುತ್ತಿತ್ತು. ಹಾಗಾಗಿ ಓಡಿಸಿಯೇ ಲೆಕ್ಕ ಹಾಕೋಣ ಎಂದು ಹೊರಟೆ.

ಲೆಕ್ಕ ಸುಲಭ. ಗಾಡಿ ನಿಮಿಷಕ್ಕೆ ಓಡುವ ಮೀಟರನ್ನು ಟೈರಿನ ಸುತ್ತಳತೆಯಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಎಂದು ಸಿಗುತ್ತದೆ. ಎಂಜಿನ್ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಅನ್ನು ಅದರಿಂದಲೂ ಆ ಗೇರಿನ ರೇಶಿಯೋದಿಂದಲೂ ಭಾಗಿಸಿದರೆ ಉಳಿಯುವುದೇ ಡಿಫರೆನ್ಷಿಯಲ್ ರೇಶಿಯೋ. ನನ್ನ ಗಾಡಿಯ ನಾಲ್ಕನೇ ಗೇರು ನೇರ, ಅಂದರೆ 1:1. 60 ಕಿ.ಮೀ. ವೇಗವೆಂದರೆ ನಿಮಿಷಕ್ಕೆ ಸರಿಯಾಗಿ 1000 ಮೀಟರ್. ಅದಕ್ಕೇ ನಾಲ್ಕನೇ ಗೇರು, 60ರ ಸ್ಪೀಡು ಆರಿಸಿಕೊಂಡೆ.

ಟೈರ್ 205/65 ಆರ್15. ಅಂದರೆ ಅಗಲ 205 ಮಿ.ಮೀ., ಪಕ್ಕದ ಎತ್ತರ ಅದರ ಶೇ. 65, ರಿಮ್ 15 ಇಂಚು. ಪಕ್ಕದ ಎತ್ತರ 133.25 ಮಿ.ಮೀ., ಅದರ ಎರಡು ಪಟ್ಟಿಗೆ ರಿಮ್ಮಿನ 381 ಸೇರಿಸಿದರೆ ವ್ಯಾಸ 647.5, ಸುತ್ತಳತೆ 2.034 ಮೀಟರ್. ಚಕ್ರ ನಿಮಿಷಕ್ಕೆ 491.6 ಸುತ್ತು. ಮೀಟರಿನ ಮುಳ್ಳು 60ರ ಮೇಲೆ ನಿಂತಾಗ ಎಂಜಿನ್ 1940 ಆರ್‌ಪಿಎಂ. ಉತ್ತರ 3.95. ಕ್ರೌನಿಗೆ 43, ಪಿನಿಯನ್ನಿಗೆ 11 ಹಲ್ಲಿರುವ ಸೆಟ್ಟಿನ ರೇಶಿಯೋ 3.909. ಅದೇ ಇರಬೇಕು ಎಂದು ಆರ್ಡರ್ ಕೊಡಲು ಫೋನ್ ಕೈಗೆತ್ತಿಕೊಂಡಿದ್ದೆ.

ತಡೆದದ್ದು ಒಂದೇ ಯೋಚನೆ: ಸ್ಪೀಡೋಮೀಟರ್ ನಂಬಬಹುದೇ? ನಿಜವಾದ ವೇಗಕ್ಕಿಂತ ಅದು ಕಡಿಮೆ ತೋರಿಸಕೂಡದು ಎಂದು ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಹೇಳುತ್ತದೆ. ಹಾಗಾಗಿ ಕಂಪನಿಗಳು ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ತೋರಿಸುವಂತೆ ಇಡುತ್ತವೆ. ಮೊಬೈಲಿನ ಜಿಪಿಎಸ್ ಇಟ್ಟು ನೋಡಿದರೆ ಮುಳ್ಳು 60ರಲ್ಲಿದ್ದಾಗ ಗಾಡಿ ಓಡುತ್ತಿದ್ದದ್ದು 56ರಲ್ಲಿ! ಸಮತಟ್ಟಾದ ನೇರ ರಸ್ತೆಯಲ್ಲಿ, ಪಕ್ಕದಲ್ಲಿ ಕೂತವರು ಜಿಪಿಎಸ್ ನೋಡಿ ಹೇಳುತ್ತಿರಲು, ನಿಜವಾದ 60 ಹಿಡಿದು ಎರಡೂ ದಿಕ್ಕಿಗೆ ಓಡಿಸಿದೆ. ಗಾಡಿಯ ಕಂಪ್ಯೂಟರಿಗೆ ಜೋಡಿಸಿ ಓದುವ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ 2080.

ಈಗ ಉತ್ತರ 4.23. ಇದು ಇನ್ನೂ ಕಷ್ಟ, ಯಾಕೆಂದರೆ ಸಿಗುವ ಸೆಟ್ಟುಗಳು 4.1 ಮತ್ತು 4.3. ಇದು ನಡುವೆ ಬಿತ್ತು.

ಉಳಿದ ತಪ್ಪು ಟೈರಿನಲ್ಲಿತ್ತು. ಕಾಗದದ ಮೇಲಿನ ಸುತ್ತಳತೆ ಭಾರವಿಲ್ಲದ ಹೊಸ ಟೈರಿನದು. ಗಾಡಿಯ ತೂಕಕ್ಕೆ ಟೈರ್ ಕೆಳಗೆ ಚಪ್ಪಟೆಯಾಗುತ್ತದೆ, ನನ್ನದು ಸವೆದೂ ಇತ್ತು. ಗಾಳಿ ಸರಿಮಾಡಿ, ಹಿಂದಿನ ಟೈರಿನ ಮೇಲೂ ಅದರ ನೇರಕ್ಕೆ ನೆಲದ ಮೇಲೂ ಸೀಮೆಸುಣ್ಣದ ಗೀಟು ಎಳೆದು, ಒಬ್ಬರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಚಕ್ರ ಐದು ಸುತ್ತು ಬರುವವರೆಗೆ ಮೆಲ್ಲಗೆ ತಳ್ಳಿದೆ. ಟೇಪಿನಲ್ಲಿ 9.85 ಮೀಟರ್. ಅಂದರೆ ಸುತ್ತಿಗೆ 1.97. ಆರು ಸೆಂಟಿಮೀಟರ್ ವ್ಯತ್ಯಾಸ ಅಷ್ಟೇ, ಆದರೆ ಚಕ್ರದ ಸುತ್ತು 507.6 ಆಯಿತು. 2080ನ್ನು ಅದರಿಂದ ಭಾಗಿಸಿದರೆ 4.098.

ಮೊದಲ ಲೆಕ್ಕ ನನ್ನನ್ನು ದಾರಿ ತಪ್ಪಿಸಿದ್ದು ಹೇಗೆಂದು ಆಗ ತಿಳಿಯಿತು. ಸ್ಪೀಡಿನ ತಪ್ಪು ಉತ್ತರವನ್ನು ಕೆಳಕ್ಕೆ ಎಳೆದಿತ್ತು, ಟೈರಿನ ತಪ್ಪು ಮೇಲಕ್ಕೆ. ಎರಡೂ ಒಂದನ್ನೊಂದು ಪೂರ್ತಿ ಅಳಿಸಿಹಾಕದೆ ನಂಬುವಂಥ ಒಂದು ಸಂಖ್ಯೆ ಹುಟ್ಟಿತ್ತು. ಆಟೋಮ್ಯಾಟಿಕ್ ಗಾಡಿಯಾದರೆ ಟಾರ್ಕ್ ಕನ್ವರ್ಟರ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಆಯಿಲ್ ಮೂಲಕ ಪವರ್ ದಾಟಿಸುವ ಭಾಗ) ಲಾಕ್ ಆಗಿರುವಾಗಲೇ ಓದಿಕೊಳ್ಳಿ, ಇಲ್ಲದಿದ್ದರೆ ಆ ಜಾರುವಿಕೆಯೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಆರ್ಡರಿಗೆ ಮುಂಚೆ ಇನ್ನೊಂದು ಪರೀಕ್ಷೆ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನೇ ಹಿಡಿಯುವುದರಿಂದ ಅದನ್ನು ಬಿಡಲೇಬೇಕು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಟ್ಟೆ ಕೊಟ್ಟು, ಹಿಂದಿನ ಒಂದು ಚಕ್ರ ಎತ್ತಿ ಸ್ಟ್ಯಾಂಡ್ ಇಟ್ಟು, ಗೇರ್ ನ್ಯೂಟ್ರಲ್‌ಗೆ ತಂದೆ. ಇನ್ನೊಂದು ಚಕ್ರ ನೆಲದ ಮೇಲಿರುವಾಗ, ಸಾಧಾರಣ ಡಿಫರೆನ್ಷಿಯಲ್‌ನಲ್ಲಿ ಎತ್ತಿದ ಚಕ್ರ ಎರಡು ಸುತ್ತಿದರೆ ಕ್ರೌನ್ ಒಂದೇ ಸುತ್ತುತ್ತದೆ. ಚಕ್ರವನ್ನು ಕೈಯಿಂದ 20 ಸುತ್ತು ತಿರುಗಿಸಿ ಗೇರ್‌ಬಾಕ್ಸಿನಿಂದ ಪಿನಿಯನ್ನಿಗೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಎಳೆದ ಗೀಟು ಎಷ್ಟು ಬಾರಿ ಬರುತ್ತದೆಂದು ಎಣಿಸಿದೆ. 41 ಬಾರಿ ಬಂದು, ಹೊರಟ ಜಾಗದಲ್ಲೇ ನಿಂತಿತು. 43/11 ಆಗಿದ್ದರೆ 39 ಚಿಲ್ಲರೆಗೆ ಮುಗಿಯುತ್ತಿತ್ತು.

4.1ರ ಸೆಟ್ ತರಿಸಿದ ಮೇಲೆಯೇ ಹೌಸಿಂಗ್ ಬಿಚ್ಚಿದ್ದು. ಹಳೇ ಕ್ರೌನನ್ನು ಸೀಮೆ ಎಣ್ಣೆಯಲ್ಲಿ ತೊಳೆದು, ಒಂದು ಹಲ್ಲಿಗೆ ಬಣ್ಣ ಹಚ್ಚಿ, ಅಲ್ಲಿಂದ ಎಣಿಸಿದೆ: ನಲವತ್ತೊಂದು. ಪಿನಿಯನ್ನಿಗೆ ಹತ್ತು, ಅದರಲ್ಲೊಂದರ ತುದಿ ಮುರಿದಿತ್ತು.