ಸ್ಕ್ರಿಪ್ಟ್ ಬರೆಯುವುದು ಸುಲಭ, ಖಾಲಿ ಕೀ ಸಿಗುವುದೇ ಕಷ್ಟ

ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್‌ಗೆ ಆಡ್-ಆನ್ (ಹೊಸ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಮ್) ಬರೆಯುವಾಗ ಪೈಥಾನ್ ಭಾಷೆ ನನಗೆ ಅಷ್ಟೇನೂ ತಲೆನೋವು ಕೊಟ್ಟಿಲ್ಲ. ತಲೆನೋವು ಶುರುವಾಗುವುದು ಬರೆದ ಸ್ಕ್ರಿಪ್ಟ್‌ಗೆ, ಅಂದರೆ ಕೀ ಒತ್ತಿದಾಗ ನಡೆಯುವ ಕೋಡ್‌ಗೆ, ಯಾವ ಕೀ ಕೊಡಬೇಕು ಅನ್ನುವಲ್ಲಿ. ವಿಂಡೋಸ್ ತನಗೆ ಬೇಕಾದ್ದನ್ನು ಆಗಲೇ ಹಿಡಿದುಕೊಂಡಿದೆ. ಅಪ್ಲಿಕೇಶನ್ ತನ್ನ ಪಾಲು ತೆಗೆದುಕೊಂಡಿದೆ. ಸ್ಕ್ರೀನ್ ರೀಡರ್ ಅಂತೂ ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್ ಅಥವಾ ಕ್ಯಾಪ್ಸ್ ಲಾಕ್) ಜೊತೆ ಒಳ್ಳೊಳ್ಳೆ ಅಕ್ಷರಗಳನ್ನೆಲ್ಲ ಬಳಸಿ ಮುಗಿಸಿದೆ, ಅದರ ಮೇಲೆ ಬೇರೆಯವರ ಆಡ್-ಆನ್‌ಗಳು ಬೇರೆ. ಕೊನೆಗೆ ಉಳಿಯುವುದು ಬೆರಳಿಗೆ ಸರ್ಕಸ್ ಮಾಡಿಸುವ ಕಾಂಬಿನೇಶನ್‌ಗಳು.

ಹಾಗಾಗಿ ಕೋಡ್‌ಗಿಂತ ಮೊದಲು ನಾನು ನೋಡುವುದು ಯಾವ ಕೀ ಯಾರ ಕೈಯಲ್ಲಿದೆ ಅಂತ. ಎನ್‌ವಿಡಿಎ ಜೊತೆ 1 ಒತ್ತಿ ಇನ್‌ಪುಟ್ ಹೆಲ್ಪ್ ಹಾಕಿ, ಮನಸ್ಸಲ್ಲಿರುವ ಕೀ ಒತ್ತುತ್ತೇನೆ. ಅದಕ್ಕೆ ಕೆಲಸ ಇದ್ದರೆ ಏನು ಅಂತ ಹೇಳುತ್ತದೆ. ಆದರೆ ಅಸಲಿ ಮಾಹಿತಿ ಇರುವುದು ಲಾಗ್‌ನಲ್ಲಿ, ಅಂದರೆ ಎನ್‌ವಿಡಿಎ ಬರೆದಿಡುವ ದಾಖಲೆಯಲ್ಲಿ. ಇನ್‌ಪುಟ್ ಹೆಲ್ಪ್ ಆಫ್ ಮಾಡಿ, ಎನ್‌ವಿಡಿಎ ಜೊತೆ ಎಫ್1 ಒತ್ತಿ ಲಾಗ್ ತೆಗೆದರೆ ಆ ಕೀ ಯಾವ ಸ್ಕ್ರಿಪ್ಟ್‌ಗೆ ಸೇರಿದ್ದು, ಆ ಸ್ಕ್ರಿಪ್ಟ್ ಯಾವ ಮಾಡ್ಯೂಲ್‌ನದು (ಕೋಡ್‌ನ ಯಾವ ಭಾಗದ್ದು) ಅನ್ನುವುದೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ಎರಡು ಆಡ್-ಆನ್ ಒಂದೇ ಕೀಗೆ ಜಗಳ ಆಡುತ್ತಿದ್ದರೆ ಸದ್ಯಕ್ಕೆ ಗೆದ್ದಿರುವವರು ಯಾರು ಅಂತ ಇಲ್ಲೇ ಗೊತ್ತಾಗಿಬಿಡುತ್ತದೆ.

ಒಂದು ಮಾತು. ಇನ್‌ಪುಟ್ ಹೆಲ್ಪ್ ಬರೀ ಕೀಯ ಹೆಸರು ಹೇಳಿ ಸುಮ್ಮನಾದರೆ ಕೀ ಖಾಲಿ ಇದೆ ಅಂತಲ್ಲ, ಸ್ಕ್ರೀನ್ ರೀಡರ್ ಅದನ್ನು ಬಳಸುತ್ತಿಲ್ಲ ಅಂತ ಅಷ್ಟೇ. ಅಪ್ಲಿಕೇಶನ್‌ದು, ವಿಂಡೋಸ್‌ದು ಅದಕ್ಕೆ ಗೊತ್ತಿರುವುದಿಲ್ಲ. ಕಂಟ್ರೋಲ್, ಆಲ್ಟ್ ಎರಡನ್ನೂ ಸೇರಿಸಿ ಅಕ್ಷರ ಕೊಡುವುದಕ್ಕೆ ನಾನು ಹೋಗುವುದೇ ಇಲ್ಲ. ಡೆಸ್ಕ್‌ಟಾಪ್ ಐಕಾನ್‌ಗಳಿಗೆ ಕೊಡುವ ಶಾರ್ಟ್‌ಕಟ್ ಅದೇ ಜಾತಿಯದು, ಮತ್ತೆ ಕೆಲವು ಕೀಬೋರ್ಡ್ ಲೇಔಟ್‌ಗಳಲ್ಲಿ ಬಲಗಡೆಯ ಆಲ್ಟ್ ಒತ್ತಿದರೆ ಅದು ಕಂಟ್ರೋಲ್-ಆಲ್ಟ್ ಒತ್ತಿದ ಹಾಗೆ. ಕೆಲವು ಗ್ರಾಫಿಕ್ಸ್ ಡ್ರೈವರ್‌ಗಳಲ್ಲಂತೂ ಕಂಟ್ರೋಲ್-ಆಲ್ಟ್ ಜೊತೆ ಬಾಣದ ಕೀ ಒತ್ತಿದರೆ ಇಡೀ ಸ್ಕ್ರೀನ್ ತಿರುಗಿಬಿಡುತ್ತಿತ್ತು, ಎನ್‌ವಿಡಿಎಯಲ್ಲಿ ಟೇಬಲ್ ಓದುವ ಕೀಗಳೂ ಅವೇ! ಸ್ಕ್ರೀನ್ ನೋಡದೆ ಕೆಲಸ ಮಾಡುವವರಿಗೆ ಅದು ಗೊತ್ತಾಗುವುದು ಇನ್ನೊಬ್ಬರು ಬಂದು ಹೇಳಿದಾಗಲೇ, ಅಲ್ವಾ.

ಆಮೇಲೆ ಸರದಿ. ಕೀ ಒತ್ತಿದಾಗ ಎನ್‌ವಿಡಿಎ ಮೊದಲು ನೋಡುವುದು ಬಳಸುವವರೇ ಇನ್‌ಪುಟ್ ಜೆಸ್ಚರ್ಸ್ ಡೈಲಾಗ್‌ನಲ್ಲಿ (ಕೀಗಳನ್ನು ಬದಲಿಸಿಕೊಳ್ಳುವ ಕಿಟಕಿಯಲ್ಲಿ) ಇಟ್ಟುಕೊಂಡಿದ್ದನ್ನು. ಆಮೇಲೆ ಗ್ಲೋಬಲ್ ಪ್ಲಗಿನ್ (ಎಲ್ಲ ಅಪ್ಲಿಕೇಶನ್‌ಗಳಲ್ಲೂ ನಡೆಯುವ ಆಡ್-ಆನ್ ಕೋಡ್), ಅದಾದ ಮೇಲೆ ಆಪ್ ಮಾಡ್ಯೂಲ್ (ಒಂದೇ ಅಪ್ಲಿಕೇಶನ್‌ನಲ್ಲಿ ನಡೆಯುವಂಥದ್ದು). ಎನ್‌ವಿಡಿಎಯ ಸ್ವಂತ ಕಮಾಂಡ್‌ಗಳ ಸರದಿ ತೀರಾ ಕೊನೆಗೆ. ಅಂದರೆ ಗ್ಲೋಬಲ್ ಪ್ಲಗಿನ್‌ನಲ್ಲಿ ಬೇಕಾಬಿಟ್ಟಿ ಕೀ ಇಟ್ಟರೆ ಸ್ಕ್ರೀನ್ ರೀಡರ್‌ನ ಕಮಾಂಡನ್ನೇ ಮುಚ್ಚಿಹಾಕಬಹುದು, ಅದೂ ಎಲ್ಲ ಅಪ್ಲಿಕೇಶನ್‌ಗಳಲ್ಲಿ. ಉದಾಹರಣೆಗೆ ಆಡಿಯೋ ಎಡಿಟರ್‌ನಲ್ಲಿ ಸೌಂಡ್ ಲೆವೆಲ್ ಓದಿಸಲು ಎನ್‌ವಿಡಿಎ ಜೊತೆ ಎಲ್ ಕೊಟ್ಟೆವು ಅನ್ನಿ. ಎನ್‌ವಿಡಿಎ ಕಮಾಂಡ್‌ಗಳಿಗೆ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಅಂತ ಎರಡು ಕೀ ಲೇಔಟ್ ಇವೆ. ಡೆಸ್ಕ್‌ಟಾಪ್ ಲೇಔಟ್ ಇಟ್ಟುಕೊಂಡವರಿಗೆ ಏನೂ ಅನಿಸುವುದಿಲ್ಲ. ಲ್ಯಾಪ್‌ಟಾಪ್ ಲೇಔಟ್‌ನಲ್ಲಿ ಅದು ಈಗಿನ ಸಾಲು ಓದುವ ಕೀ! ಅದಕ್ಕೇ ಎರಡೂ ಲೇಔಟ್ ಬದಲಿಸಿ ನೋಡದೆ ನಾನು ಯಾವ ಕೀಯನ್ನೂ ಖಾಯಂ ಮಾಡುವುದಿಲ್ಲ. ಒಂದು ಅಪ್ಲಿಕೇಶನ್‌ಗೆ ಮಾತ್ರ ಬೇಕಾದ್ದು ಅದರ ಆಪ್ ಮಾಡ್ಯೂಲ್ ಬಿಟ್ಟು ಹೊರಗೆ ಬರಬಾರದು.

ಆಪ್ ಮಾಡ್ಯೂಲ್ ಒಳಗೂ ಅಪ್ಲಿಕೇಶನ್‌ನ ಕೀಯನ್ನೇ ಹಿಡಿಯಬೇಕಾದ ಸಂದರ್ಭ ಬರುತ್ತದೆ. ಕರ್ಸರ್ ಪಟ್ಟಿಯಲ್ಲಿದ್ದಾಗ ಡಿಲೀಟ್ ಒತ್ತಿದರೆ ಯಾವುದು ಹೋಯಿತು ಅಂತ ಹೇಳಿಸಬೇಕು ಅಂದುಕೊಳ್ಳಿ. ಸ್ಕ್ರಿಪ್ಟ್ ಆ ಕೀಯನ್ನು ನುಂಗಿಬಿಟ್ಟರೆ ಅಪ್ಲಿಕೇಶನ್‌ಗೆ ಏನೂ ತಲುಪುವುದಿಲ್ಲ, ಐಟಂ ಅಲ್ಲೇ ಇರುತ್ತದೆ. ಹಾಗಾಗಿ ಮೊದಲು ಐಟಂ ಹೆಸರು ತೆಗೆದಿಟ್ಟುಕೊಂಡು, ಜೆಸ್ಚರ್ ಡಾಟ್ ಸೆಂಡ್ ಕರೆದು ಕೀಯನ್ನು ಮುಂದಕ್ಕೆ ಕಳಿಸಿ, ಸ್ವಲ್ಪ ತಡೆದು ಐಟಂ ನಿಜವಾಗಿ ಹೋಗಿದೆಯಾ ಅಂತ ನೋಡಿ, ಆಮೇಲೆ ಮಾತಾಡಿಸುತ್ತೇನೆ.

ಒಂದೇ ಕೀಯನ್ನು ಎರಡು ಸಲ ಒತ್ತಿದರೆ ಬೇರೆ ಕೆಲಸ ಅನ್ನುವ ಉಪಾಯ ಓದುವ ಕಮಾಂಡ್‌ಗಳಿಗೆ ಪರವಾಗಿಲ್ಲ. ಆದರೆ ಎರಡನೇ ಸಲ ಒತ್ತುವುದರೊಳಗೆ ಮೊದಲನೆಯದರ ಕೆಲಸ ಶುರುವಾಗಿರುತ್ತದೆ. ಏನಾದರೂ ಬದಲಾಯಿಸುವ, ಅಳಿಸುವ ಕಮಾಂಡ್‌ಗೆ ಇದನ್ನು ಬಳಸಲೇಬೇಡಿ. ನಿಧಾನಕ್ಕೆ ಒತ್ತುವವರಿಗೂ ಇದು ಕಷ್ಟ, ಮಾಮೂಲಿಯಾಗಿ ಸಿಗುವುದು ಅರ್ಧ ಸೆಕೆಂಡ್ ಅಷ್ಟೇ.

ಕಮಾಂಡ್‌ಗಳು ಜಾಸ್ತಿಯಾದಾಗ ನಾನು ಲೇಯರ್ ಮಾಡುತ್ತೇನೆ. ಒಂದೇ ಒಂದು ಮುಖ್ಯ ಕೀ. ಅದನ್ನು ಒತ್ತಿದರೆ ಸಣ್ಣ ಬೀಪ್, ಆಮೇಲೆ ಒತ್ತುವ ಒಂದು ಅಕ್ಷರ ನನ್ನದು. ಎಲ್ ಅಂದರೆ ಲೆವೆಲ್, ಟಿ ಅಂದರೆ ಟೈಮ್. ನೆನಪಿಡುವುದೂ ಸುಲಭ, ಜಗಳವೂ ಒಂದೇ ಕೀಯದು. ಮುಖ್ಯ ಕೀ ಒತ್ತಿದಾಗ ಉಳಿದವನ್ನು ಬೈಂಡ್ ಮಾಡುತ್ತೇನೆ (ಸ್ಕ್ರಿಪ್ಟ್‌ಗೆ ಜೋಡಿಸುತ್ತೇನೆ), ಕೆಲಸ ಮುಗಿದ ಮೇಲೆ ತೆಗೆಯುತ್ತೇನೆ. ತೆಗೆಯಲು ಕ್ಲಿಯರ್-ಜೆಸ್ಚರ್-ಬೈಂಡಿಂಗ್ಸ್ ಕರೆದರೆ ಅದು ಮುಖ್ಯ ಕೀಯನ್ನೂ ಸೇರಿಸಿ ಎಲ್ಲವನ್ನೂ ಗುಡಿಸಿ ಹಾಕುತ್ತದೆ, ಹಾಗಾಗಿ ಮುಂದಿನ ಸಾಲಿನಲ್ಲೇ ಮುಖ್ಯ ಕೀಯನ್ನು ಮತ್ತೆ ಬೈಂಡ್ ಮಾಡಲೇಬೇಕು. ಇದನ್ನು ಫೈನಲಿ ಬ್ಲಾಕ್‌ನಲ್ಲಿ, ಅಂದರೆ ಎರರ್ ಬಂದರೂ ನಡೆಯುವ ಭಾಗದಲ್ಲಿ, ಇಡಿ. ಇಲ್ಲದಿದ್ದರೆ ಸ್ಕ್ರಿಪ್ಟ್ ಮಧ್ಯದಲ್ಲಿ ಎರರ್ ಬಂದಾಗ ಲೇಯರ್ ತೆರೆದೇ ಉಳಿಯುತ್ತದೆ, ಬಳಸುವವರು ಎಲ್ಲೋ ಎಲ್ ಟೈಪ್ ಮಾಡಿದರೆ ಅಕ್ಷರದ ಬದಲು ಲೆವೆಲ್ ಕೇಳುತ್ತಾರೆ. ಗೊತ್ತಿಲ್ಲದ ಕೀ ಬಂದರೂ ಲೇಯರ್ ಮುಚ್ಚಲೇಬೇಕು. ಅದಕ್ಕೆ ಒತ್ತಿದ ಕೀಗೆ ಸ್ಕ್ರಿಪ್ಟ್ ಹುಡುಕುವ ಗೆಟ್-ಸ್ಕ್ರಿಪ್ಟ್ ಅನ್ನುವ ಮೆಥಡನ್ನು ಓವರ್‌ರೈಡ್ ಮಾಡಿಕೊಂಡಿದ್ದೇನೆ (ನನಗೆ ಬೇಕಾದಂತೆ ಬರೆದುಕೊಂಡಿದ್ದೇನೆ).

ಇನ್ನು ಅಪರೂಪಕ್ಕೆ ಬೇಕಾಗುವ ಕಮಾಂಡ್‌ಗಳಿಗೆ ನಾನು ಕೀ ಕೊಡುವುದನ್ನೇ ಬಿಟ್ಟಿದ್ದೇನೆ. ಸ್ಕ್ರಿಪ್ಟ್‌ಗೆ ಡಿಸ್ಕ್ರಿಪ್ಷನ್, ಕ್ಯಾಟಗರಿ ಎರಡನ್ನೂ ಬರೆದಿದ್ದರೆ ಸಾಕು, ಬೇಕಾದವರು ಇನ್‌ಪುಟ್ ಜೆಸ್ಚರ್ಸ್‌ಗೆ ಹೋಗಿ ತಮಗೆ ಅನುಕೂಲವಾದ ಕೀ ಹಾಕಿಕೊಳ್ಳುತ್ತಾರೆ. ಡಿಸ್ಕ್ರಿಪ್ಷನ್ ಬರೆಯದಿದ್ದರೆ ಮಾತ್ರ ಆ ಡೈಲಾಗ್‌ನಲ್ಲಿ ಅದು ಕಾಣಿಸುವುದೇ ಇಲ್ಲ.