ಪವರ್ ಟಿಲ್ಲರ್ ಪಿಕಪ್ ಹತ್ತಿಸುವುದು ಹೇಗೆ?

ಟಿಲ್ಲರ್ ರಿಪೇರಿಗೆ ಹೋಗಬೇಕು, ಪಿಕಪ್ ಬಂದು ನಿಂತಿದೆ. ಹತ್ತಿಸಲು ಇಳಿಜಾರಾಗಿ ಇಡುವ ಹಲಗೆ ಬೇಕು. ಆಗ ಮಲೆನಾಡಿನಲ್ಲಿ ಮೊದಲು ಕೈಗೆ ಸಿಗುವುದು ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ. ದಯವಿಟ್ಟು ಅದು ಬೇಡ. ನೆಂದರೆ ಜಾರುತ್ತದೆ, ಒಣಗಿದ್ದರೆ ಸೀಳುತ್ತದೆ. ಟಿಲ್ಲರ್ ಅಂದರೆ ರೋಟರಿ (ಮಣ್ಣು ಕೊಚ್ಚುವ ಬ್ಲೇಡಿನ ಭಾಗ) ಸೇರಿ ಸುಮಾರು 4 ಕ್ವಿಂಟಲ್ ತೂಗುವ ಯಂತ್ರ.

ಹಲಗೆಯ ಉದ್ದ ಡೆಕ್ಕಿನ (ಪಿಕಪ್ಪಿನ ಸಾಮಾನು ಹೇರುವ ತಳದ) ಎತ್ತರದ ನಾಲ್ಕು ಪಟ್ಟು ಇರಬೇಕು. 3 ಅಡಿ ಎತ್ತರಕ್ಕೆ 12 ಅಡಿ. ಅಷ್ಟುದ್ದದ್ದು ಇಲ್ಲವೇ? ಪಿಕಪ್ಪನ್ನು ರಿವರ್ಸ್ ತಂದು ಗಟ್ಟಿಯಾದ ದಿಣ್ಣೆಗೆ ಹಚ್ಚಿ ನಿಲ್ಲಿಸಿ. ಎತ್ತರ ಅರ್ಧಕ್ಕಿಳಿದರೆ 6 ಅಡಿ ಹಲಗೆ ಸಾಕು. ಹಲಗೆಯ ತುದಿಗೆ ಕಬ್ಬಿಣದ ಕೊಕ್ಕೆ ಇರಲೇಬೇಕು, ಅದು ಡೆಕ್ಕಿಗೇ ಸಿಕ್ಕಿಕೊಳ್ಳಬೇಕು. ಚೈನಿನಲ್ಲಿ ನೇತಾಡುವ ಹಿಂದಿನ ಡೋರಿನ ಮೇಲೆ ಹಲಗೆ ಇಡುವುದು ಸುಮ್ನೆ ಅಪಾಯ. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವುದಾದರೆ ನುಣುಪು ಶೀಟ್ ಹೊದಿಸಿದ್ದು ಬೇಡ, ಅಡ್ಡಪಟ್ಟಿ ಹಾಕಿಸಿ.

ಎರಡು ಹಲಗೆ ಗಾಲಿಗೆ. ಮೂರನೆಯದು ನಡುವೆ, ನೀವು ನಡೆಯಲು. ಇದನ್ನು ಬಹಳ ಜನ ಮರೆಯುತ್ತಾರೆ. ಟಿಲ್ಲರ್ ಅರ್ಧ ಏರುವಷ್ಟರಲ್ಲಿ ಹ್ಯಾಂಡಲ್ ಕೈಗೆ ಸಿಗದೆ ತುದಿಗಾಲಲ್ಲಿ ಒದ್ದಾಡುತ್ತಾರೆ.

ಪಿಕಪ್ಪಿಗೆ ಹ್ಯಾಂಡ್‌ಬ್ರೇಕ್, ಗೇರ್, ಗಾಲಿಗೆ ಕಲ್ಲು. ಹಿಂದಿನ ಚಾಸಿಗೆ ಮರದ ದಿಮ್ಮಿ ಆನಿಸಿ, ಭಾರ ಬಿದ್ದಾಗ ಬಾಲ ಕುಸಿಯಬಾರದು. ಟಿಲ್ಲರಿಗೆ ಕೇಜ್ ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಗಾಲಿ) ಇದ್ದರೆ ಬಿಚ್ಚಿ. ರೋಟರಿ ಆಫ್.

ಈಗ ಹತ್ತಿಸುವುದು. ನೆಲದ ಮೇಲೆಯೇ ಎರಡೂ ಗಾಲಿ ಹಲಗೆಗೆ ನೇರ ಬರುವಂತೆ ನಿಲ್ಲಿಸಿ. ಒಂದನೇ ಗೇರ್, ಕಡಿಮೆ ಆಕ್ಸಿಲರೇಟರ್, ಮುಂದಕ್ಕೆ. ಹಲಗೆ ಏರಿದ ಮೇಲೆ ಹ್ಯಾಂಡಲ್ ಕೆಳಗಿನ ಸ್ಟಿಯರಿಂಗ್ ಕ್ಲಚ್ ಮುಟ್ಟಲೇಬೇಡಿ. ಸ್ವಲ್ಪ ವಾಲಿತು ಅಂತ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ, ಅಲ್ವಾ? ಅಲ್ಲೇ ಎಡವಟ್ಟು. ಒತ್ತಿದ ಕಡೆಯ ಗಾಲಿಗೆ ಎಂಜಿನ್ ಬಲ ತಪ್ಪಿ ಅದು ಹಿಂದಕ್ಕೆ ಉರುಳುತ್ತದೆ. ಇನ್ನೊಂದು ಮುಂದಕ್ಕೆ ಎಳೆಯುತ್ತದೆ. ಟಿಲ್ಲರ್ ಅಡ್ಡ ತಿರುಗಿ ಹಲಗೆಯಿಂದ ಹೊರಗೆ. ಏರುತ್ತಿರುವಾಗ ಗೇರ್ ಬದಲಿಸುವುದೂ ಬೇಡ. ವಾಲಿದ್ದು ಜಾಸ್ತಿ ಅನಿಸಿದರೆ ಮೇನ್ ಕ್ಲಚ್ಚನ್ನು ಒಂದೇ ಸಲ ಬ್ರೇಕ್ ಬೀಳುವವರೆಗೆ ಎಳೆಯಿರಿ. ಕ್ಲಚ್ ಅರ್ಧಕ್ಕೆ ಎಳೆದು ನಿಲ್ಲಿಸಿದರೆ ಟಿಲ್ಲರ್ ನಿಮ್ಮ ಮೇಲೇ ಬರುತ್ತದೆ. ಪಕ್ಕದಲ್ಲಿರುವವರು ಬದಿಯಿಂದಲೇ ಗಾಲಿಗೆ ಕಲ್ಲು ಕೊಡಲಿ. ಆಮೇಲೆ ರಿವರ್ಸ್‌ನಲ್ಲಿ ಇಳಿಸಿ ಮತ್ತೆ ಶುರು ಮಾಡಿ.

ಗಾಲಿ ಡೆಕ್ಕಿನ ಅಂಚು ದಾಟುವಾಗ ಮೂತಿ ದಡಕ್ಕನೆ ಕೆಳಗೆ ಬಾಗಿ ಹ್ಯಾಂಡಲ್ ಎದೆಗೆ ಎದ್ದು ಬರುತ್ತದೆ. ಅದಕ್ಕೆ ಸ್ವಲ್ಪ ಮೊದಲೇ ಆಕ್ಸಿಲರೇಟರ್ ಇಳಿಸಿ, ಹ್ಯಾಂಡಲ್ ಅದುಮಿ ಹಿಡಿಯಿರಿ. ಡೆಕ್ಕಿನ ಮೇಲೆ, ಯಂತ್ರದ ಮುಂದೆ, ಯಾರೂ ನಿಂತಿರಬಾರದು.

ಹತ್ತಿಸಿದ ಮೇಲೆ ಕಟ್ಟುವುದು. ನೈಲಾನ್ ಹಗ್ಗ ಸಡಿಲವಾಗುತ್ತದೆ, ರಾಚೆಟ್ ಬೆಲ್ಟ್ (ಲಿವರಿನಿಂದ ಬಿಗಿಯುವ ಪಟ್ಟಿ) ತೆಗೆದುಕೊಳ್ಳಿ. ಮುಂದೆ ಎರಡು, ಹಿಂದೆ ಎರಡು, ಟಿಲ್ಲರಿನ ಚಾಸಿಗೆ ಕಟ್ಟಿ, ಹ್ಯಾಂಡಲ್‌ಗಲ್ಲ.

ಇಳಿಸುವಾಗ ತಿರುಗಿಸಬೇಡಿ, ಹತ್ತಿದ ದಾರಿಯಲ್ಲೇ ರಿವರ್ಸ್ ಗೇರಿನಲ್ಲಿ ನಿಧಾನಕ್ಕೆ ಇಳಿಸಿ. ನ್ಯೂಟ್ರಲ್‌ನಲ್ಲಿ ನಾಲ್ಕು ಜನ ಹಿಡಿದುಕೊಳ್ಳುತ್ತೇವೆ ಅಂದರೆ ಒಪ್ಪಬೇಡಿ.